ಅಂಗೈಯಗಲದ ರೂಪಾಂತರಗಳು

ಅಮೆರಿಕದಲ್ಲಿ ಮಕ್ಕಳ ಚಲನಚಿತ್ರವೊಂದು ತೆರೆಗೆ ಬಂದಾಗ ಅದರ ಹೆಸರು ಹೊತ್ತ ಊಟದ ಡಬ್ಬಿ, ಪೆನ್ಸಿಲ್ ಪೆಟ್ಟಿಗೆ, ಹೊದಿಕೆಗಳ ಜೊತೆಗೆ ಒಂದು ವಿಡಿಯೋ ಗೇಮ್ ಕೂಡ ಅಂಗಡಿಗೆ ಬರುವುದು ಬಹುಕಾಲ ರೂಢಿಯಲ್ಲಿತ್ತು. ಚಿತ್ರದ ಹೆಸರನ್ನೂ ಪಾತ್ರಗಳನ್ನೂ ಬಳಸುವ ಹಕ್ಕನ್ನು ಹಣ ತೆತ್ತು ಪಡೆದು ತಯಾರಿಸುವ ಇಂಥವಕ್ಕೆ ‘ಲೈಸೆನ್ಸ್ಡ್ ಗೇಮ್’ ಎಂದು ಹೆಸರು. ನಿಂಟೆಂಡೊ ಕಂಪನಿಯ ಗೇಮ್ ಬಾಯ್ (1989), ಗೇಮ್ ಬಾಯ್ ಕಲರ್ (1998), ಗೇಮ್ ಬಾಯ್ ಅಡ್ವಾನ್ಸ್ (2001) ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಗಳಿಗೆ ಇವು ರಾಶಿ ರಾಶಿಯಾಗಿ ಬಂದವು. ಬಲ್ಲವರು ಇವನ್ನು ಕಸವೆಂದು ಬದಿಗೆ ಸರಿಸಿದರು. ಬಹುಮಟ್ಟಿಗೆ ಆ ಮಾತು ನಿಜವೇ. ಆದರೂ ಆ ಕಸದ ಪರವಾಗಿ ನಾವಿಲ್ಲಿ ನಾಲ್ಕು ಮಾತು ಹೇಳಲಿದ್ದೇವೆ.

ಅವು ಕೆಡುವುದಕ್ಕೆ ಕಾರಣಗಳು ಸರಳವಾಗಿದ್ದವು. ಚಿತ್ರದ ಬಿಡುಗಡೆಯ ದಿನ ಮೊದಲೇ ನಿಶ್ಚಯವಾಗಿರುತ್ತದೆ; ಆಟ ಸಿದ್ಧವಾಗಿರಲಿ ಬಿಡಲಿ, ಅದೂ ಆ ಹೊತ್ತಿಗೇ ಬರಬೇಕು. ಕೊಳ್ಳುವವರು ಮಕ್ಕಳಲ್ಲ, ಅತ್ತೆ ಮಾವಂದಿರು. ಅವರು ನೋಡುವುದು ಪೆಟ್ಟಿಗೆಯ ಮೇಲಿನ ಚಿತ್ರವನ್ನು ಮಾತ್ರ. ಹೆಣ್ಣುಮಕ್ಕಳಿಗೆಂದು ಬಂದವುಗಳ ಪಾಡಂತೂ ಹೇಳತೀರದು. ಉಡುಪು ಬದಲಿಸುವುದರ ಹೊರತು ಬೇರೇನೂ ಇಲ್ಲದ ಗುಲಾಬಿ ಬಣ್ಣದ ಪೆಟ್ಟಿಗೆಗಳನ್ನು ಕಂಡು ನಮ್ಮಲ್ಲಿ ಕಿರಿಯವಳು ಇಂದಿಗೂ ಸಿಡುಕುತ್ತಾಳೆ.

ಆದರೆ ಚಿಕ್ಕ ಯಂತ್ರಕ್ಕೆ ಒಂದು ಗುಣವಿತ್ತು. ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಯಲ್ಲಿ ಅಡ್ಡಕ್ಕೆ 240, ಉದ್ದಕ್ಕೆ 160 ಚುಕ್ಕೆಗಳು, ಅಷ್ಟೆ. ಟೀವಿಗೆ ಜೋಡಿಸುವ ದೊಡ್ಡ ಯಂತ್ರಗಳ ಆಟವನ್ನು ಹಾಗೆಯೇ ಎತ್ತಿ ಇಲ್ಲಿ ಇಡಲಾಗದು. ಮೂಲದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ಯಾರೋ ಕುಳಿತು ಯೋಚಿಸಲೇಬೇಕಿತ್ತು. 2001ರಲ್ಲಿ ಹ್ಯಾರಿ ಪಾಟರ್‌ನ ಮೊದಲ ಚಿತ್ರ ಬಂದಾಗ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ಆಟಗಳು ಹೊರಬಂದವು. ಅವುಗಳಲ್ಲಿ ಎಲ್ಲಕ್ಕಿಂತ ಬಡ ಯಂತ್ರವಾದ ಗೇಮ್ ಬಾಯ್ ಕಲರ್‌ಗೆ ಗ್ರಿಪ್ಟೊನೈಟ್ ಎಂಬ ಸಂಸ್ಥೆ ಮಾಡಿದ ಆಟವೇ ನಮಗೆ ಹಿಡಿಸಿತು. ಅದರಲ್ಲಿ ಓಟ ಜಿಗಿತಗಳ ಭರಾಟೆ ಇಲ್ಲ. ಕಾಳಗವೂ ಸರದಿಯ ಪ್ರಕಾರ ನಡೆಯುತ್ತದೆ, ನಮ್ಮ ಚೌಕಾಬಾರದ ಹಾಗೆ: ಅವರ ಸರದಿ ಮುಗಿಯಬೇಕು, ಆಮೇಲೆ ನೀವು ಯಾವ ಮಂತ್ರ ಪ್ರಯೋಗಿಸಬೇಕೆಂದು ನಿಧಾನವಾಗಿ ನಿರ್ಧರಿಸಬೇಕು. ಮಾಂತ್ರಿಕರ ಚಿತ್ರವಿರುವ ಕಾರ್ಡುಗಳನ್ನು ಕೂಡಿಹಾಕಿ, ಜೋಡಿಸಿ, ಶಕ್ತಿ ಪಡೆಯಬೇಕು. ಓದುವುದೂ ಬಹಳ. ಚಿತ್ರಕ್ಕಿಂತ ಪುಸ್ತಕಕ್ಕೇ ಅದು ಹತ್ತಿರವಾಗಿತ್ತೆಂಬುದು ನಮ್ಮ ಎಣಿಕೆ.

ಇದಕ್ಕೆ ಎದುರಾದ ಉದಾಹರಣೆಯೂ ಆ ಯಂತ್ರದಲ್ಲೇ ಇದೆ. 2004ರಲ್ಲಿ ‘ಗೇಮ್ ಬಾಯ್ ಅಡ್ವಾನ್ಸ್ ವಿಡಿಯೋ’ ಎಂಬ ಹೆಸರಿನಲ್ಲಿ, ಆಟವಲ್ಲದೆ ಕಾರ್ಟೂನಿನ ಕಂತುಗಳನ್ನೇ ತುಂಬಿದ ಕಾರ್ಟ್ರಿಜ್‌ಗಳು ಬಂದವು. ಬಳಿಕ ‘ಶ್ರೆಕ್’ನಂಥ ಇಡೀ ಚಲನಚಿತ್ರವನ್ನೂ 64 ಮೆಗಾಬೈಟಿನೊಳಗೆ ತುರುಕಿದರು. ನೋಡಿದರೆ ಮುಖಗಳೆಲ್ಲ ಕಲಸಿಹೋಗಿರುತ್ತವೆ, ದನಿ ಡಬ್ಬಿಯೊಳಗಿಂದ ಬಂದಂತಿರುತ್ತದೆ. ಮೂಲದ ಪ್ರತಿಯೊಂದು ದೃಶ್ಯವೂ ಅಲ್ಲಿದೆ; ಮೂಲ ಮಾತ್ರ ಇಲ್ಲ. ಪದಕ್ಕೆ ಪದವಿಟ್ಟ ಅನುವಾದಗಳನ್ನು ಓದಿ ನೊಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನುವಾದದ ಮಾತು ಇಲ್ಲಿ ಸುಮ್ಮನೆ ನುಸುಳಿದ್ದಲ್ಲ. ನಾವಿಬ್ಬರು, ಅಣ್ಣ ತಂಗಿ, ಬೆಳೆದದ್ದು ಮುಂಬಯಿಯ ಉಪನಗರವೊಂದರಲ್ಲಿ. ಮಸ್ಕತ್ತಿನಲ್ಲಿದ್ದ ಸೋದರಮಾವ ರಜೆಗೆ ಬರುವಾಗ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ತಂದುಕೊಟ್ಟರು. ಮಡಚಿ ಕಿಸೆಯಲ್ಲಿಡಬಹುದಾದ, ಪರದೆಗೆ ಬೆಳಕಿರುವ ಯಂತ್ರ. ಜೊತೆಗೆ ‘ಫೈಂಡಿಂಗ್ ನೀಮೊ’ದ ಕಾರ್ಟ್ರಿಜ್. ನಮ್ಮ ಚಾಳಿನ ಮಕ್ಕಳ ಬಾಯಲ್ಲಿ ಕಾರ್ಟ್ರಿಜ್ ಯಾವಾಗಲೂ ‘ಕ್ಯಾಸೆಟ್’. ಮಳೆಗಾಲದ ನಾಲ್ಕು ತಿಂಗಳು ಕಳೆಯಲು ಕುಂದಾಪುರದಿಂದ ಬಂದಿದ್ದ ಅಜ್ಜಿಗೆ ನಮ್ಮ ಕಿವಿಗಿಂತ ಬಾಗಿದ ಕತ್ತುಗಳೇ ಹೆಚ್ಚಾಗಿ ಕಾಣುತ್ತಿದ್ದವು. ಆಕೆ ಬೈಯಲಿಲ್ಲ. ಅದರಲ್ಲಿ ನಡೆಯುವುದೇನೆಂದು ಕೇಳಿದರು.

ಹೇಳಬೇಕಾಯಿತು. ಮಗನನ್ನು ಕಳೆದುಕೊಂಡ ಮೀನು, ಅವನನ್ನು ಹುಡುಕುತ್ತ ಕಡಲನ್ನೇ ದಾಟುವ ಕತೆ. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಹಿಂದಿ ಮರಾಠಿಗಳಲ್ಲೇ ಮುಳುಗಿದ್ದ ನಮಗೆ, ಅಜ್ಜಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಒಂದು ಕತೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳುವ ಪ್ರಸಂಗ ಅದೇ ಮೊದಲು. ಜೆಲ್ಲಿಫಿಶ್‌ಗೆ ಏನೆನ್ನುವುದು? ಮುಟ್ಟಿದರೆ ಮೈಯೆಲ್ಲ ಉರಿಯುವ ಲೋಳೆಯಂಥ ಪ್ರಾಣಿ ಎಂದೆವು. ಬಲೆಗೆ ಸಿಕ್ಕು ದಡಕ್ಕೆ ಬಂದ ಅಂಥವನ್ನು ತಾವು ಕಂಡ ಸುದ್ದಿಯನ್ನು ಅಜ್ಜಿಯೇ ತಿರುಗಿ ನಮಗೆ ಹೇಳಿದರು. ಕಠಿಣವಾದ ಘಟ್ಟವೊಂದರಲ್ಲಿ ನಾವು ವಾರಗಟ್ಟಲೆ ಸಿಕ್ಕಿಬಿದ್ದಾಗ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅದೇ ಪ್ರಶ್ನೆ: “ಸಿಕ್ಕಿದ್ನಾ ಮಕ್ಳೇ, ಆ ಮೀನಿನ ಮಗ?”

ಯುರೋಪಿನ ಮಾರುಕಟ್ಟೆಗೆ ತಯಾರಾದ ಅನೇಕ ಕಾರ್ಟ್ರಿಜ್‌ಗಳಲ್ಲಿ ಆಟ ಶುರುವಾಗುವ ಮೊದಲು ಭಾಷೆ ಆರಿಸಿಕೊಳ್ಳಲು ಪುಟ್ಟ ಬಾವುಟಗಳು ಕಾಣಿಸುತ್ತವೆ: ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್. ಡಚ್ಚರಿಗೂ ಆಗಾಗ ಜಾಗವಿತ್ತು. ಆ ಸಾಲಿನಲ್ಲಿ ನಮ್ಮದಿರಬೇಕಿತ್ತೆಂದು ಆಗ ನಮಗೆ ಹೊಳೆದಿರಲೂ ಇಲ್ಲ. ಆಮೇಲೆ ಹೊಳೆಯಿತು, ಕೊಂಚ ನೋವಾಯಿತು.

ಈ ಆಟಗಳನ್ನು ಮಾಡಿದವರ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯದ ವೇಫಾರ್ವರ್ಡ್ ಎಂಬ ಸಂಸ್ಥೆ 2000ದಲ್ಲಿ ಗೇಮ್ ಬಾಯ್ ಕಲರ್‌ಗೆ ಸಬ್ರಿನಾ ಕಾರ್ಟೂನಿನ ಆಟ ಮಾಡಿತು. ಇಂಥ ಬಾಡಿಗೆಯ ಕೆಲಸಗಳ ನಡುವೆಯೇ ತನ್ನ ಸ್ವಂತ ಕಲ್ಪನೆಯ ‘ಶಾಂಟೇ’ಯನ್ನು 2002ರಲ್ಲಿ ಹೊರತಂದಿತು. ‘ಶಾಂಟೇ’ ಅವರದೇ ಸ್ವತ್ತು. ಹೊಸ ಯಂತ್ರಗಳಿಗೆ ಅದು ಮತ್ತೆ ಮತ್ತೆ ಬಂದಿದೆ. ಸಬ್ರಿನಾಳ ಮೇಲೆ ಅವರಿಗೆ ಅಂಥ ಹಕ್ಕಿಲ್ಲ. ದೂರದರ್ಶನದಲ್ಲಿ ಹಿಂದಿ ಮಾತಾಡುತ್ತಿದ್ದ ‘ಡಕ್‌ಟೇಲ್ಸ್’ ನಮ್ಮ ಪೀಳಿಗೆಗೆಲ್ಲ ನೆನಪಿರುತ್ತದೆ. ಅದರ ಆಟವನ್ನು ಕ್ಯಾಪ್‌ಕಾಮ್ 1990ರಲ್ಲಿ ಗೇಮ್ ಬಾಯ್‌ಗೂ ತಂದಿತ್ತು. 2013ರಲ್ಲಿ ಇದೇ ವೇಫಾರ್ವರ್ಡ್ ಅದನ್ನು ಹೊಸದಾಗಿ ಕಟ್ಟಿಕೊಟ್ಟಿತು. 2019ರ ಆಗಸ್ಟ್‌ನಲ್ಲಿ ಅದು ಆನ್‌ಲೈನ್ ಅಂಗಡಿಗಳಿಂದ ಮಾಯವಾಯಿತು. ಮರುವರ್ಷ ಮಾರ್ಚ್‌ನಲ್ಲಿ ಮರಳಿ ಬಂತು. ಅಂಥ ಭಾಗ್ಯ ಎಲ್ಲಕ್ಕೂ ಇಲ್ಲ. ಕರಾರು ಮುಗಿದರೆ ಮಾಡಿದವರೂ ಮಾರುವಂತಿಲ್ಲ. ‘ನೀಮೊ’ದ ಪ್ರಕಾಶಕರಾದ ಟಿಎಚ್‌ಕ್ಯೂ ಸಂಸ್ಥೆ 2013ರಲ್ಲಿ ಬಾಗಿಲನ್ನೇ ಮುಚ್ಚಿತು.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಂತೆ, ಆ ದೇಶದಲ್ಲಿ ಹಿಂದೆ ಪ್ರಕಟವಾದ ಹಳೆಯ ಆಟಗಳಲ್ಲಿ ನೂರಕ್ಕೆ 87 ಇಂದು ಹೊಸದಾಗಿ ಕೊಳ್ಳಲು ಸಿಗುವುದಿಲ್ಲ. ಗೇಮ್ ಬಾಯ್ ಬಳಗದಲ್ಲಂತೂ ಸಿಗುವುದು ನೂರಕ್ಕೆ ಆರಕ್ಕೂ ಕಡಿಮೆ. ಒಳ್ಳೆಯ ಆಟಗಳಿಗೆ ಹೋರಾಡುವವರು ಇದ್ದಾರೆ. ಮಕ್ಕಳ ಹರಕು ಮುರುಕು ಆಟಗಳಿಗೆ ಯಾರು?

ನಮ್ಮ ಎಸ್‌ಪಿ ಈಗ ಚೆನ್ನೈಯಲ್ಲಿರುವ ಕಿರಿಯವಳ ಮನೆಯಲ್ಲಿದೆ. ಬ್ಯಾಟರಿ ಬದಲಿಸಿದ್ದಾಯಿತು, ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಎರಡನೆಯ ಸಲಕ್ಕಾದರೂ ಹೊತ್ತಿಕೊಳ್ಳುತ್ತದೆ. ಅವಳ ಎಂಟು ವರ್ಷದ ಮಗಳು ಕಳೆದ ಭಾನುವಾರ ವಿಡಿಯೋ ಕರೆಯಲ್ಲಿ ಪರದೆಯನ್ನು ಕ್ಯಾಮರಾಕ್ಕೆ ಹಿಡಿದು, “ಮಾಮಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?” ಎಂದಳು. ಅದೇ ಜೆಲ್ಲಿಫಿಶ್. ಲೋಳೆಮೀನು ಎನ್ನುತ್ತಾರೆಂದು ಈ ನಡುವೆ ಎಲ್ಲೋ ಓದಿದ್ದೆವು, ಅದನ್ನೇ ಹೇಳಿದೆವು.