ಮಲ್ಪೆಯಲ್ಲಿ ಇಳಿದುಕೊಳ್ಳುವುದೆಲ್ಲಿ?

ಪ್ರವಾಸವೆಂದರೆ ಗಂಡಸರ ಪಾಲಿಗೆ ರಜೆ ಹಾಕುವುದು, ಟಿಕೆಟ್ ತೆಗೆಯುವುದು, ಅಲ್ಲಿಗೆ ಮುಗಿಯಿತು. ಮನೆಯಾಕೆಗೆ ಹಾಗಲ್ಲ. ಹಾಲಿನವನಿಗೆ ಹೇಳಬೇಕು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರನ್ನು ಒಪ್ಪಿಸಬೇಕು, ಫ್ರಿಜ್ಜಿನಲ್ಲಿ ಉಳಿದ ಕೊತ್ತಂಬರಿ ಸೊಪ್ಪಿಗೂ ಒಂದು ಗತಿ ಕಾಣಿಸಬೇಕು! ಇಷ್ಟೆಲ್ಲ ಮುಗಿಸಿ ಹೊರಟ ಮೇಲೆ, ಇಳಿದುಕೊಂಡ ಜಾಗ ಸರಿಯಿಲ್ಲದಿದ್ದರೆ ಆ ತಾಪತ್ರಯವೂ ಬಂದು ಬೀಳುವುದು ನಮ್ಮ ತಲೆಯ ಮೇಲೆಯೇ. ಬಿಸಿನೀರು ಬರಲಿಲ್ಲವೆಂದರೆ ನಮ್ಮನ್ನು ಕೇಳುತ್ತಾರೆ, ಒದ್ದೆ ಬಟ್ಟೆ ಒಣಗಲಿಲ್ಲವೆಂದರೂ ನಮ್ಮನ್ನೇ. ಆದ್ದರಿಂದ ಊರು ಯಾವುದೆಂದು ಯಾರು ಬೇಕಾದರೂ ತೀರ್ಮಾನಿಸಲಿ, ಇಳಿಯುವ ಜಾಗವನ್ನು ಮಾತ್ರ ನಾವೇ ಆರಿಸಬೇಕು ಎನ್ನುವುದು ನನ್ನ ವಾದ.

ನಮ್ಮ ಮನೆಯಲ್ಲಿ ಊರು ತೀರ್ಮಾನವಾದದ್ದು ಅತ್ತೆಯವರಿಂದ. ಅವರಿಗೀಗ ಎಪ್ಪತ್ತನಾಲ್ಕು. ಮೈಸೂರು ಬಿಟ್ಟು ಹೆಚ್ಚು ಕದಲಿದವರಲ್ಲ. ದೊಡ್ಡ ನೀರು ಎಂದರೆ ಅವರಿಗೆ ಕುಕ್ಕರಹಳ್ಳಿ ಕೆರೆ, ಬಹಳವಾದರೆ ಕನ್ನಂಬಾಡಿ. ಸಮುದ್ರ ನೋಡಬೇಕೆಂಬ ಆಸೆ ಮದುವೆಯಾದ ಹೊಸತರಿಂದಲೂ ಇತ್ತಂತೆ. ಮಾವನವರಿದ್ದಾಗ ಕೈಯಲ್ಲಿ ದುಡ್ಡಿರಲಿಲ್ಲ. ದುಡ್ಡು ಬಂದಾಗ ಮಾವನವರಿರಲಿಲ್ಲ. ಈಗ ಮಂಡಿನೋವು. ಇನ್ನು ತಡಮಾಡಿದರೆ ಆಗದ ಮಾತು ಎಂದು ಕಳೆದ ಡಿಸೆಂಬರಿನಲ್ಲಿ ಮೂರು ದಿನಕ್ಕೆ ಮಲ್ಪೆಗೆ ಹೊರಡುವುದೆಂದಾಯಿತು. ನಾವು ನಾಲ್ವರು: ಅತ್ತೆ, ನಮ್ಮವರು, ಕಾಲೇಜಿಗೆ ಹೋಗುವ ಮಗಳು, ನಾನು.

ಮಲ್ಪೆ ಉಡುಪಿಗೆ ಪಶ್ಚಿಮಕ್ಕೆ 6 ಕಿ.ಮೀ. ದೂರದಲ್ಲಿದೆ. ಹೊಳೆ ಸಮುದ್ರ ಸೇರುವ ಕಡೆ ರಾಜ್ಯದ ಅತಿ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಅದರ ಉತ್ತರಕ್ಕೆ ಉದ್ದನೆಯ ಮರಳ ತೀರ. ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿ, ಮಂಗಳೂರಿನ ದಾರಿಯಾಗಿ 300 ಕಿ.ಮೀ.ಗೆ ಸ್ವಲ್ಪ ಹೆಚ್ಚು. ನೋಡಲು ಒಂದೇ ಊರಿನಂತೆ ಕಂಡರೂ ಇಳಿದುಕೊಳ್ಳುವ ಪ್ರಶ್ನೆ ಬಂದಾಗ ಅದು ನಾಲ್ಕೈದು ಊರಾಗಿಬಿಡುತ್ತದೆ.

ಮೊದಲನೆಯದು ಉಡುಪಿ. ಕೃಷ್ಣಮಠದ ರಥಬೀದಿಯ ಆಸುಪಾಸಿನಲ್ಲಿ ಮಠಗಳಿಗೆ ಸೇರಿದ ವಸತಿಗೃಹಗಳೂ ಲಾಡ್ಜುಗಳೂ ಇವೆ. ಬೆಳಗಿನ ಪೂಜೆಗೆ ನಡೆದೇ ಹೋಗಬಹುದು, ಮಧ್ಯಾಹ್ನ ಮಠದಲ್ಲೇ ಪ್ರಸಾದದ ಊಟ, ಸಸ್ಯಾಹಾರಿಗಳಿಗೆ ಊಟದ ಚಿಂತೆಯೇ ಇಲ್ಲ. ಆದರೆ ಸಮುದ್ರಕ್ಕೆ ಪ್ರತಿ ಸಲವೂ ಬಸ್ಸೋ ಆಟೋವೋ ಹಿಡಿಯಬೇಕು. ಜೊತೆಗೆ ದಿನವನ್ನೂ ನೋಡಿಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಮಠದ ಪೂಜೆಯ ಅಧಿಕಾರ ಒಬ್ಬ ಸ್ವಾಮಿಗಳಿಂದ ಇನ್ನೊಬ್ಬರಿಗೆ ಹೋಗುವ ಪರ್ಯಾಯ ನಡೆಯುತ್ತದೆ. ಆಗ, ಮತ್ತೆ ಕೃಷ್ಣಾಷ್ಟಮಿಯಲ್ಲಿ, ಮೊದಲೇ ಹೇಳಿಡದೆ ಹೋದರೆ ಜಾಗ ಸಿಗುವುದು ಕಷ್ಟ.

ಎರಡನೆಯದು ಮಣಿಪಾಲ. ಉಡುಪಿಯ ಪೂರ್ವಕ್ಕೆ ಗುಡ್ಡದ ಮೇಲಿನ ಕಾಲೇಜುಗಳ ಊರು. ಹೊಸ ಹೋಟೆಲುಗಳು, ಎಲ್ಲ ಸೌಕರ್ಯ. ಆದರೆ ಸಮುದ್ರ ಇನ್ನೂ ದೂರವಾಗುತ್ತದೆ; ಮಲ್ಪೆಗೆ ಹೋಗಬೇಕಾದರೆ ಉಡುಪಿಯನ್ನು ದಾಟಿಯೇ ಹೋಗಬೇಕು.

ಮೂರನೆಯದು ಮಲ್ಪೆಯ ಬಂದರಿನ ಬದಿ. ಇಲ್ಲಿ ಬೆಳಗಿನ ಜಾವಕ್ಕೇ ದಿನ ಶುರು. ದೋಣಿಗಳ ಇಂಜಿನ್ನು, ಮಂಜುಗಡ್ಡೆಯ ಲಾರಿ, ಬಂಗುಡೆ, ಬೂತಾಯಿ, ಅಂಜಲ್ ಮೀನುಗಳ ಹರಾಜಿನ ಕೂಗು! ನೋಡಬೇಕಾದ ನೋಟವೇ, ಆದರೆ ನಿದ್ದೆ ಬೇಕಾದವರಿಗೆ ಅಲ್ಲ. ನಾಲ್ಕನೆಯದು ಅಲ್ಲಿಂದ ಉತ್ತರಕ್ಕೆ, ಮರಳ ತೀರದ ಬದಿಯ ಲಾಡ್ಜುಗಳು. ಐದನೆಯದು ಹೊಳೆಯಾಚೆಯ ಪಡುಕೆರೆಯಲ್ಲಿ, ಉತ್ತರದ ಕೋಡಿಬೆಂಗ್ರೆಯಲ್ಲಿ ಸಿಗುವ ಹೋಂಸ್ಟೇಗಳು. ತೆಂಗಿನ ತೋಟ, ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು. ಏಕಾಂತ ಬೇಕೆನ್ನುವವರಿಗೆ ಸ್ವರ್ಗ. ಆದರೆ ಅಂಗಡಿ, ಡಾಕ್ಟರು ಕೂಗಳತೆಯಲ್ಲಿರುವುದಿಲ್ಲ.

ನಮ್ಮವರು ಎರಡು ದಿನ ಮೊಬೈಲ್ ಹಿಡಿದು ಕುಳಿತು ಹೋಂಸ್ಟೇ ಒಂದನ್ನು ಆರಿಸಿದರು. “ಅಡುಗೆಮನೆನೂ ಇದೆ ಕಣೇ. ಗ್ಯಾಸು, ಪಾತ್ರೆ ಎಲ್ಲಾ ಅವರೇ ಕೊಡ್ತಾರೆ. ಅಮ್ಮನಿಗೆ ಮಡಿ ಊಟನೂ ಆಯ್ತು, ಖರ್ಚೂ ಉಳಿಯತ್ತೆ.”

“ಖರ್ಚು ಉಳಿಯತ್ತೆ ಕಣ್ರೀ, ನಾನು ಉಳಿಯಲ್ಲ” ಎಂದೆ. “ಅಲ್ಲೂ ಬೆಳಿಗ್ಗೆ ತಿಂಡಿ ಏನು, ರಾತ್ರಿ ಸಾರು ಏನು ಅಂತ ಯೋಚಿಸೋದಾದ್ರೆ ನನಗೆ ಟಿಕೆಟ್ ಯಾಕೆ? ಇಲ್ಲೇ ಒಲೆ ಇದೆಯಲ್ಲ!”

ಹಸುಗೂಸು ಇರುವವರಿಗೆ, ಪಥ್ಯದವರಿಗೆ ಅಡುಗೆಮನೆ ಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಉಳಿದವರು ಅದನ್ನು ಸೌಕರ್ಯವೆಂದು ತಿಳಿಯುವ ಮೊದಲು, ಆ ಒಲೆಯ ಮುಂದೆ ನಿಲ್ಲುವವರು ಯಾರೆಂದು ಕೇಳಿಕೊಳ್ಳಲಿ. ನಮ್ಮವರು ನಕ್ಕು ಒಪ್ಪಿಕೊಂಡರು. “ಹಾಗಾದ್ರೆ ಉಡುಪಿನೇ ಸರಿ. ಮಲ್ಪೆಯಲ್ಲಿ ಮೀನಿನ ವಾಸನೆ, ಅಮ್ಮನಿಗೆ ಊಟ ಸೇರಲ್ಲ. ಹೇಗಿದ್ರೂ ಕೃಷ್ಣನ ದರ್ಶನ ಮುಖ್ಯ” ಎಂದರು.

“ಅತ್ತೆಯವರನ್ನು ಕೇಳಿದ್ರಾ?” ಎಂದೆ. ಕೇಳಿರಲಿಲ್ಲ. ವಯಸ್ಸಾದವರಿಗೆ ದೇವಸ್ಥಾನವೇ ಬೇಕೆಂದು ನಾವೇ ತೀರ್ಮಾನಿಸಿಬಿಡುತ್ತೇವಲ್ಲ! ಅವರ ಕೋಣೆಗೆ ಹೋಗಿ ಕೇಳಿದೆವು. ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ತಲೆಯೆತ್ತಲೇ ಇಲ್ಲ.

“ಕೃಷ್ಣನ್ನ ನೋಡೋಕೆ ಒಂದು ಬೆಳಿಗ್ಗೆ ಸಾಕು ಕಣಮ್ಮ. ಇಲ್ಲೇ ಅರಮನೆ ಕೋಟೆಯೊಳಗೆ ಪ್ರಸನ್ನ ಕೃಷ್ಣಸ್ವಾಮಿ ಇದಾನೆ, ಬೇಕಾದಾಗ ಹೋಗಿ ನೋಡ್ತೀನಿ. ಸಮುದ್ರ ಇದೆಯಾ ಇಲ್ಲಿ? ಅದು ರಾತ್ರಿ ಹೇಗೆ ಸದ್ದು ಮಾಡತ್ತೆ, ಬೆಳಿಗ್ಗೆ ಯಾವ ಬಣ್ಣ ಇರತ್ತೆ, ಅದನ್ನ ನೋಡ್ಬೇಕು.”

“ಮೀನಿನ ವಾಸನೆ ಅಮ್ಮ...”

“ನನ್ನ ಮೂಗನ್ನ ನಾನು ನೋಡ್ಕೋತೀನಿ. ನೀನು ರೂಮು ನೋಡು.”

ಹೀಗೆ ನಾಲ್ಕನೆಯದೇ ಗೊತ್ತಾಯಿತು: ಮಲ್ಪೆ, ಮರಳ ತೀರದ ಬದಿ. ಫೋನು ಹಿಡಿದದ್ದು ನಾನು. ಚಿತ್ರಗಳನ್ನು ನೋಡಿ ಮರುಳಾಗದೆ ಕೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೆ. ನೆಲಮಹಡಿಯಲ್ಲಿ ಕೋಣೆ ಇದೆಯೇ? ಕುರ್ಚಿಯಂತೆ ಕೂರುವ ಕಕ್ಕಸು ಉಂಟೇ? ಬಿಸಿನೀರು ಎಷ್ಟು ಹೊತ್ತು? ಬಟ್ಟೆ ಒಣಹಾಕಲು ಹಗ್ಗ? ಸಸ್ಯಾಹಾರದ ಹೋಟೆಲು ಎಷ್ಟು ದೂರ? ಸಮುದ್ರಕ್ಕೆ ಎಷ್ಟು ಹೆಜ್ಜೆ? ವಾಸನೆಯ ಬಗ್ಗೆಯೂ ಕೇಳಿದೆ. “ವಾಸನೆ ಉಂಟು ಅಮ್ಮ, ಮಲ್ಪೆ ಅಲ್ವಾ? ಬಂದರಿನ ಹತ್ತಿರ ಜಾಸ್ತಿ. ನಮ್ಮಲ್ಲಿ ಗಾಳಿ ಇದ್ದ ಹಾಗೆ” ಎಂದರು ಆ ಕಡೆಯವರು. ಇದ್ದದ್ದನ್ನು ಇದ್ದ ಹಾಗೆ ಹೇಳಿದವರ ಮೇಲೆ ನನಗೆ ನಂಬಿಕೆ ಬಂತು. ಅಲ್ಲೇ ಗೊತ್ತುಮಾಡಿದೆ.

‘ಗಾಳಿ ಇದ್ದ ಹಾಗೆ’ ಎಂಬ ಮಾತಿನ ಅರ್ಥ ಅಲ್ಲಿಗೆ ಹೋದಮೇಲೆ ತಿಳಿಯಿತು. ದೋಸೆಯ ಕಾವಲಿ ಬೇಗ ಕಾದು ಬೇಗ ಆರುತ್ತದೆ. ಹಂಡೆಯ ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ನೆಲ ಕಾವಲಿಯ ಹಾಗೆ, ಕಡಲು ಹಂಡೆಯ ಹಾಗೆ. ಹಗಲು ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನ ತಂಪು ಗಾಳಿ ಬರುತ್ತದೆ. ರಾತ್ರಿ ನೆಲವೇ ಬೇಗ ಆರುವುದರಿಂದ ಗಾಳಿ ತಿರುಗಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಇಂಜಿನ್ನಿಲ್ಲದ ಕಾಲದಲ್ಲಿ ಹಾಯಿದೋಣಿಯವರು ಬೆಳಗಿನ ಜಾವದ ಗಾಳಿಯಲ್ಲಿ ಹೊರಟು ಮಧ್ಯಾಹ್ನದ ಗಾಳಿಯಲ್ಲಿ ಮರಳುತ್ತಿದ್ದುದು ಇದೇ ಲೆಕ್ಕದಲ್ಲಿ. ಕೋಣೆ ಹಿಡಿಯುವವರಿಗೂ ಈ ಲೆಕ್ಕ ಬೇಕು. ನಮ್ಮ ಕರಾವಳಿಯಲ್ಲಿ ಸಮುದ್ರಕ್ಕೆ ಮುಖವಾದ ಕಿಟಕಿ ಎಂದರೆ ಪಡುವಣ ಕಿಟಕಿ. ಮಧ್ಯಾಹ್ನದ ಮೇಲೆ ಬಿಸಿಲು ನೇರವಾಗಿ ಒಳಗೇ ಬರುತ್ತದೆ. ದಪ್ಪ ಪರದೆ ಇದೆಯೇ ಎಂದು ಕೇಳಿಕೊಳ್ಳಿ.

ಕಾಲವನ್ನೂ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಬಂದರು ಮೌನ. ಮೀನಿಲ್ಲದ ಮಲ್ಪೆ ಸಿಕ್ಕಿತೆಂದು ಸಂತೋಷಪಡುವ ಹಾಗಿಲ್ಲ, ಆಗ ಮಳೆ! ಮೈಸೂರಿನಲ್ಲಿ ವರ್ಷವೆಲ್ಲ ಬೀಳುವ ಮಳೆಯ ನಾಲ್ಕೈದು ಪಟ್ಟು ಉಡುಪಿಯಲ್ಲಿ ಬೀಳುತ್ತದೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯೂ ಮಳೆಗಾಲದಲ್ಲಿ ಇರುವುದಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಳಿದನೆಂದು ಹೇಳುವ ಆ ದ್ವೀಪದಲ್ಲಿ, ಯಾರೋ ಕೊರೆದು ನಿಲ್ಲಿಸಿದಂತಿರುವ ಕಲ್ಲಿನ ಕಂಬಗಳಿವೆ. ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗಿ ಬಿರಿದು ಆದವು. ನಮ್ಮ ಮಗಳು ಹೋಗಿ ನೋಡಿ ಬಂದಳು. ಅಲ್ಲಿ ರಾತ್ರಿ ತಂಗುವಂತಿಲ್ಲ. ಇನ್ನೊಂದು ಮಾತು: 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲದಿದ್ದರೂ, ಉಡುಪಿ ಮಲ್ಪೆ ನಡುವೆ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಚಿಲ್ಲರೆ ಇಟ್ಟುಕೊಳ್ಳಿ.

ಮೊದಲ ರಾತ್ರಿ ಅತ್ತೆಯವರು ಸರಿಯಾಗಿ ನಿದ್ದೆಯನ್ನೇ ಮಾಡಲಿಲ್ಲ. “ಉಸಿರಾಡ್ತಾ ಇದೆ ನೋಡು” ಎನ್ನುತ್ತ ಅಲೆಯ ಸದ್ದು ಕೇಳುತ್ತಿದ್ದರು. ಬೆಳಗಾಗುವ ಮೊದಲೇ ನನ್ನನ್ನು ಎಬ್ಬಿಸಿದರು. ಇಬ್ಬರೂ ಮೆಲ್ಲಗೆ ನಡೆದು ಮರಳಿಗೆ ಇಳಿದೆವು. ಕೂಗಿ ಕರೆದರೆ ಕೇಳುವಷ್ಟು ದೂರ. ಉಡುಪಿಯಲ್ಲಿದ್ದಿದ್ದರೆ ಆ ಹೊತ್ತಿಗೆ ಆ ಮಂಡಿಗಳನ್ನು ಬಸ್ಸು ಹತ್ತಿಸಬೇಕಿತ್ತು. ದೂರದಲ್ಲಿ ದೋಣಿಗಳ ದೀಪ. “ಸೂರ್ಯ ಎಲ್ಲಮ್ಮ, ನೀರಿಂದ ಏಳಲ್ವಾ?” ಎಂದರು. “ಇಲ್ಲಿ ಮುಳುಗ್ತಾನೆ ಅತ್ತೆ, ಏಳೋದು ನಮ್ಮ ಬೆನ್ನ ಹಿಂದೆ” ಎಂದೆ. ನೀರು ಕಪ್ಪಿನಿಂದ ಬೂದಿಗೆ, ಬೂದಿಯಿಂದ ಹಸುರಿಗೆ ತಿರುಗುವುದನ್ನು ನೋಡುತ್ತ ನಿಂತರು. ಕಣ್ಣಲ್ಲಿ ನೀರಿತ್ತು. ನಾನು ಮಾತಾಡಿಸಲಿಲ್ಲ.

ಆ ಹೊತ್ತಿಗೆ ಅತ್ತೆಯವರ ವಯಸ್ಸಿನವರೇ ಒಬ್ಬ ಮೀನು ಮಾರುವಾಕೆ, ಬುಟ್ಟಿ ಇಳಿಸಿ ದೋಣಿಯ ನೆರಳಿನಲ್ಲಿ ಕೂತಿದ್ದವರು, “ಬಲೆ ಬಲೆ” ಎಂದರು. ಅತ್ತೆಯವರು ಬೆಚ್ಚಿ ಕಾಲ ಕೆಳಗೆ ನೋಡಿಕೊಂಡರು, ಬಲೆ ಎಲ್ಲಿದೆಯೆಂದು! ತುಳುವಿನಲ್ಲಿ ‘ಬಲೆ’ ಎಂದರೆ ಬನ್ನಿ ಎಂದರ್ಥ. ತಿಳಿದ ಮೇಲೆ ಮೂವರೂ ನಕ್ಕೆವು. ಮನೆಯೊಳಗೆ ಮೊಟ್ಟೆ ಕೂಡ ಸೇರಿಸದ ನಮ್ಮ ಅತ್ತೆ ಮೀನಿನ ಬುಟ್ಟಿಯ ಪಕ್ಕದಲ್ಲೇ ಕೂತರು.

“ಮೈಸೂರಾ? ನಾನು ಅರಮನೆ ನೋಡಿದ್ದೇ ಇಲ್ಲ ಅಮ್ಮ” ಎಂದರು ಆಕೆ ಕನ್ನಡದಲ್ಲಿ. “ದಸರಾಕ್ಕೆ ಹೋಗಬೇಕು ಅಂತ ಉಂಟು. ಹೋದರೆ ನಿಲ್ಲುವುದೆಲ್ಲಿ? ಹಾಗೇ ವಯಸ್ಸಾಯಿತು.”

ಅತ್ತೆಯವರು ಕ್ಷಣವೂ ತಡೆಯಲಿಲ್ಲ. “ಎಲ್ಲಿ ಇಳ್ಕೋಬೇಕು ಅನ್ನೋ ಯೋಚನೆ ಯಾಕೆ? ನಮ್ಮನೆ ಇದೆಯಲ್ಲ! ಬನ್ನಿ, ಜಂಬೂಸವಾರಿ ತೋರಿಸ್ತೀನಿ.” ನನ್ನಿಂದ ವಿಳಾಸ ಬರೆಸಿ ಕೊಟ್ಟೇಬಿಟ್ಟರು.

ಮರುದಿನ ಉಡುಪಿಗೂ ಹೋದೆವು. ಮಧ್ವಾಚಾರ್ಯರಿಗೆ ಈ ಕೃಷ್ಣ ಸಿಕ್ಕಿದ್ದು ಮಲ್ಪೆಯ ತೀರದಲ್ಲೇ, ಹಡಗಿನಲ್ಲಿ ಬಂದ ಗೋಪೀಚಂದನದ ಹೆಂಟೆಯೊಳಗೆ ಎಂದು ಐತಿಹ್ಯ. ಅವನು ನಿಂತಿರುವುದೂ ಪಡುವಣಕ್ಕೆ ಮುಖ ಮಾಡಿ. “ನೋಡು, ಅವನಿಗೂ ಸಮುದ್ರದ ಕಡೆಯೇ ಕಣ್ಣು” ಎಂದು ಅತ್ತೆಯವರು ಕಿಂಡಿಯ ಮುಂದೆ ಕೈಮುಗಿದರು.

ವಾಪಸು ಬರುವಾಗ ನಮ್ಮವರು ಮೆಲ್ಲಗೆ ಕೇಳಿದರು: “ಅಮ್ಮ, ಅವರು ನಿಜವಾಗ್ಲೂ ಬಂದ್ರೆ ನಿನ್ನ ಮಡಿ?”

“ಮನೆಗೆ ಬಂದೋರ ಹತ್ರ ಮಡಿ ಕೇಳ್ತಾರೇನೋ!” ಎಂದು ಅತ್ತೆಯವರು ಕಿಟಕಿಯ ಕಡೆ ತಿರುಗಿ ಕೂತರು.

ಲಾಡ್ಜಿನವರಿಗೆ ಕೇಳಿದ್ದ ಪ್ರಶ್ನೆಗಳ ಚೀಟಿ ಈಗಲೂ ನನ್ನ ಬಳಿ ಇದೆ. ಅದನ್ನೇ ಹಿಡಿದು ನಮ್ಮ ಮನೆಯ ಮುಂದಿನ ಕೋಣೆಯನ್ನು ಪರೀಕ್ಷೆ ಮಾಡಿದೆ. ನೆಲಮಹಡಿ, ಸರಿ. ಬಿಸಿನೀರು, ಸರಿ. ಪಡುವಣ ಕಿಟಕಿಗೆ ಪರದೆ ತೆಳುವಾಗಿತ್ತು. ದಪ್ಪನೆಯದನ್ನು ಹೊಲಿಯಲು ಕೊಟ್ಟಿದ್ದೇನೆ. ದಸರಾಕ್ಕೆ ಮೊದಲೇ ಕೊಡುತ್ತೇನೆಂದು ಟೈಲರು ಹೇಳಿದ್ದಾನೆ.