ಮಂಜಿನ ಬೆಟ್ಟಕ್ಕೆ ಅಮ್ಮನ ಜೊತೆ

ಮೊನ್ನೆ ಅಮ್ಮನ ಜೊತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಅಪ್ಪ ಹೋದ ಮೇಲೆ ಅವಳು ಮನೆ ಬಿಟ್ಟು ಹೊರಟಿದ್ದು ಇದೇ ಮೊದಲು. ಹಿಂದೆ ಅಪ್ಪನ ಹಳೇ ಕಾರು ಏದುಸಿರು ಬಿಡುತ್ತಾ ತುದಿಯವರೆಗೂ ಹತ್ತುತ್ತಿತ್ತು. ಈಗ ಸ್ವಂತ ಗಾಡಿ ಬಿಡಲ್ಲ, ಕೆಳಗೇ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಬಂಡೀಪುರದ ಕಾಡಲ್ವಾ, ಒಳ್ಳೇದೇ ಆಯ್ತು ಬಿಡಿ.

1454 ಮೀಟರ್ ಎತ್ತರ. ಗೋಪುರವೇ ಕಾಣದಷ್ಟು ಮಂಜು! ಒಳಗೆ ಮರದಡಿ ಕೊಳಲು ಹಿಡಿದ ಗೋಪಾಲ. "ಯಾರ ಹೆಸರಲ್ಲಿ ಅರ್ಚನೆ?" ಅಂದರು ಅರ್ಚಕರು. ಅಮ್ಮ ಅಭ್ಯಾಸಬಲದಿಂದ ಅಪ್ಪನ ಹೆಸರು, ನಕ್ಷತ್ರ ಹೇಳಿಬಿಟ್ಟಳು... ನಾನು ತಿದ್ದಲಿಲ್ಲ.

ಹೊರಗೆ ಬಂದಾಗ ಮಂಜು ಸರಿದು ಎದುರಿನ ಹುಲ್ಲುಗುಡ್ಡದಲ್ಲಿ ಆನೆ ಹಿಂಡು, ಜೊತೆಗೊಂದು ಮರಿ. ಕ್ಯಾಮೆರಾ ತೆಗೆಯುವಷ್ಟರಲ್ಲಿ ಮತ್ತೆ ಮಂಜು ಮುಚ್ಚಿತು.

"ನಿಮ್ಮಪ್ಪಂಗೆ ಒಂದ್ಸಲಾನೂ ಆನೆ ಕಾಣ್ಲಿಲ್ಲ ಕಣೋ" ಅಂದಳು ಅಮ್ಮ. ಬಸ್ಸಿನವನು ಹಾರ್ನ್ ಹೊಡೀತಾನೇ ಇದ್ದ.