ಒಂದು ನಲ್ಲಿ, ಮೂರು ಕೊಡ

ಪುಣೆಯ ಸರಕಾರಿ ವಸತಿಗೃಹದಲ್ಲಿ ಸಂಸಾರ ಹೂಡಿದವರಿಗೆ ನಲ್ಲಿಯ ವಿಚಾರ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮಲ್ಲಿ ನೀರು ಬರುವುದು ಬೆಳಿಗ್ಗೆ ಒಂದೂವರೆ ತಾಸು. ಒಳಗೆ ಬರುವ ಪೈಪು ಒಂದೇ. ಗೋಡೆಯ ಹತ್ತಿರ 'ಟೀ' ಎಂಬ ಜೋಡಣೆಯಲ್ಲಿ ಅದು ಕವಲೊಡೆದು ಒಂದು ಅಡಿಗೆಮನೆಗೆ, ಒಂದು ಬಚ್ಚಲಿಗೆ ಹೋಗುತ್ತದೆ. ನಾವು ಬಚ್ಚಲಲ್ಲಿ ನಲ್ಲಿ ತಿರುವಿದೆವೋ ಇಲ್ಲವೋ, ಆ ಕಡೆಯಿಂದ ಕೂಗು ಬರುತ್ತದೆ: "ಸಾಕ ಮಾಡ್ರೀ, ಇಲ್ಲೆ ಕೊಡ ಅರ್ಧಾನೂ ತುಂಬಿಲ್ಲ!" ನೀರಿನ ಸ್ವಭಾವವೇ ಅಂಥದು; ಹಂಚಿದಷ್ಟೂ ಕಡಿಮೆ.

ಇದೇ ಹೆಸರಿನ, ಆದರೆ ಇದಕ್ಕಿಂತ ಉದಾರಿಯಾದ ಇನ್ನೊಂದು 'ಟೀ' ಕಂಪ್ಯೂಟರಿನಲ್ಲಿದೆ. ಅದರಿಂದ ನಮಗಾದ ಉಪಕಾರವನ್ನೂ, ಅದನ್ನು ಅರೆಬರೆ ತಿಳಿದು ನಾವು ಇನ್ನೊಬ್ಬರಿಗೆ ಮಾಡಿದ ಅಪಕಾರವನ್ನೂ ಹೇಳಿಕೊಳ್ಳುವುದಕ್ಕೇ ಈ ಬರಹ.

ನಮ್ಮದು ಕೇಂದ್ರ ಸರಕಾರದ ಗುಮಾಸ್ತಿಕೆ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು ಬಂದವರು. ಸೇರಿದ ಹೊಸತರಲ್ಲಿ ಕಚೇರಿಯ ಮೂಲೆಯಲ್ಲಿ ಒಂದು ಟೈಪ್‌ರೈಟರ್ ಇನ್ನೂ ಉಸಿರಾಡುತ್ತಿತ್ತು. ಮೂರು ಹಾಳೆ, ನಡುವೆ ಎರಡು ಕಾರ್ಬನ್ ಇಟ್ಟು ಏರಿಸಿದರೆ ಒಂದೇ ಕುಟ್ಟುವಿಕೆಗೆ ಮೂರು ಪ್ರತಿ. ಮೂರನೆಯದು ಮಸುಕು ನಿಜ, ಆದರೆ ಮೂರರಲ್ಲೂ ಇರುವುದು ಒಂದೇ. ಈಗ ಆ ಯಂತ್ರವೂ ಇಲ್ಲ, ಕಾರ್ಬನ್ನೂ ಇಲ್ಲ. "ನೀವು ಬಿ.ಎಸ್ಸಿ. ಅಲ್ಲವೇ?" ಎಂದು ಸಾಹೇಬರು ಲಿನಕ್ಸ್ ಯಂತ್ರವೊಂದನ್ನು ನಮ್ಮ ಕೊರಳಿಗೆ ಕಟ್ಟಿದ್ದಾರೆ.

ಅದರಲ್ಲಿ ನಮ್ಮ ಮುಖ್ಯ ಕೆಲಸ ಪಿಂಚಣಿದಾರರಿಗೆ ಸಲ್ಲಬೇಕಾದ ಬಾಕಿ ಹಣದ ಪಟ್ಟಿ ತೆಗೆಯುವುದು. ಪಟ್ಟಿ ತಯಾರಿಸುವ ಪ್ರೋಗ್ರಾಂ ಒಂದು ಸಲ ಓಡಲು ಅರ್ಧ ತಾಸು ಬೇಕು. ಬೇಕಾದದ್ದು ಮೂರು: ಬ್ಯಾಂಕಿಗೆ ಪೂರ್ತಿ ಪಟ್ಟಿ, ಲೆಕ್ಕಕ್ಕೆ ಒಟ್ಟು ಮೊತ್ತ, ಸಾಹೇಬರ ಕಣ್ಣಿಗೆ ಮೊದಲ ಇಪ್ಪತ್ತು ಸಾಲು. ನಾವು ಮೂರು ಸಲ ಓಡಿಸುತ್ತಿದ್ದೆವು. ಎರಡು ಓಟಗಳ ನಡುವೆ ಪಕ್ಕದ ವಿಭಾಗದವರು ಯಾರದೋ ತಾರೀಖು ತಿದ್ದಿರುತ್ತಿದ್ದರು. ಪಟ್ಟಿಯೇ ಒಂದು, ಮೊತ್ತವೇ ಒಂದು. ಆ ವ್ಯತ್ಯಾಸ ಹುಡುಕುತ್ತ ಕುಳಿತು ಎಷ್ಟೋ ಸಂಜೆಗಳ ಬಸ್ಸು ತಪ್ಪಿಸಿಕೊಂಡೆವು.

ಮನೆಯಲ್ಲಿ ಇದನ್ನು ಗೊಣಗಿದಾಗ, ಕಂಪ್ಯೂಟರ್ ಓದುತ್ತಿರುವ ನಮ್ಮ ಮಗಳು ಹೇಳಿದಳು: "ಅಪ್ಪಾ, ಮೂರ ಸಲ ಯಾಕ ಓಡಸ್ತೀರಿ? ಒಮ್ಮೆ ಓಡಸ್ರಿ, ಟೀ ಹಚ್ರಿ." ಅಡಿಗೆಮನೆಯಿಂದ ಉತ್ತರ ಬಂತು: "ಈಗಿನ್ನ ಚಹಾ ಆತಲ್ಲ, ಮತ್ತ್ಯಾವ ಟೀ?"

ಮಗಳು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದಳು. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದನ್ನು ನೇರವಾಗಿ ಇನ್ನೊಂದರ ಬಾಯಿಗೆ ಹರಿಸುವ ದಾರಿಗೆ ಪೈಪು ಎಂದೇ ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಡಗ್ ಮೆಕಿಲ್ರಾಯ್ ಎಂಬವರು, ತೋಟಕ್ಕೆ ನೀರುಣಿಸುವ ರಬ್ಬರು ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸುವಂತೆ ಪ್ರೋಗ್ರಾಮುಗಳನ್ನೂ ಸಿಕ್ಕಿಸಬೇಕೆಂದು 1964ರಲ್ಲೇ ಬರೆದಿಟ್ಟರು. ಕೆನ್ ಥಾಮ್ಸನ್ 1973ರಲ್ಲಿ ಅದನ್ನು ಯುನಿಕ್ಸಿನಲ್ಲಿ ಮಾಡಿ ತೋರಿಸಿದರು.

"ಹಾಗಾದರೆ ಒಂದೇ ಪೈಪಿನ ಬಾಯಿಗೆ ಮೂವರನ್ನೂ ಕೂಡಿಸಿದರಾಯಿತಲ್ಲ?" ಎಂದೆವು. ಆಕೆ ನಕ್ಕಳು. ಹಾಗೆ ಕೂಡಿಸಿದರೆ ಒಬ್ಬ ಓದಿಕೊಂಡದ್ದು ಮತ್ತೊಬ್ಬನಿಗೆ ಸಿಕ್ಕುವುದಿಲ್ಲ. ಕೈಗೆ ಬಂದವನಿಗೆ ಬಂದಷ್ಟು. ಥೇಟು ನಮ್ಮ ಮನೆಯ ನಲ್ಲಿ! 'ಟೀ' ಹಾಗಲ್ಲ. ಬಂದದ್ದನ್ನು ತಾನು ಓದಿ, ಕಾದಿರುವ ಪ್ರತಿಯೊಬ್ಬರಿಗೂ ಪೂರ್ತಿ ಪೂರ್ತಿ ಪ್ರತಿ ಬರೆದು ಕೊಡುತ್ತದೆ. ಹೆಸರು ನೀರಿನ ಜೋಡಣೆಯದು, ಗುಣ ಕಾರ್ಬನ್ ಕಾಗದದ್ದು. ಅದು ಬರೆಯುವುದು ಕಡತಗಳಿಗೆ. ಆದರೆ ಕಡತದ ಹೆಸರಿರಬೇಕಾದಲ್ಲಿ ಬಾಣದ ಗುರುತು ಹಾಕಿ ಆವರಣದೊಳಗೆ ಇನ್ನೊಂದು ಪ್ರೋಗ್ರಾಮನ್ನು ಬರೆದರೆ, ಬ್ಯಾಶ್ ಎಂಬ ಶೆಲ್ಲು ಅಲ್ಲಿಗೊಂದು ಪೈಪು ಜೋಡಿಸಿಕೊಡುತ್ತದೆ.

ಮರುದಿನ ಐವತ್ತು ಸಾಲಿನ ಸಣ್ಣ ಪಟ್ಟಿಯ ಮೇಲೆ ಪರೀಕ್ಷಿಸಿದೆವು. ಪಟ್ಟಿ ಸರಿ, ಮೊತ್ತ ಸರಿ, ಮೊದಲ ಇಪ್ಪತ್ತು ಸಾಲೂ ಸರಿ. ತಿಂಗಳ ಕೊನೆಗೆ ಸಾವಿರಾರು ಸಾಲಿನ ನಿಜವಾದ ಪಟ್ಟಿ ಓಡಿಸಿದೆವು. ಮೊತ್ತಕ್ಕೂ ಪಟ್ಟಿಗೂ ಪೈಸೆಯ ವ್ಯತ್ಯಾಸವಿಲ್ಲ. ಆ ದಿನ ಹಗಲು ಹೊತ್ತಿನಲ್ಲೇ ಮನೆ ಸೇರಿದೆವು.

ಎರಡು ವಾರ ಕಳೆದ ಮೇಲೆ ನಮ್ಮ ಕಚೇರಿಯಲ್ಲೇ ಜವಾನರಾಗಿದ್ದು ತೀರಿಕೊಂಡವರೊಬ್ಬರ ಹೆಂಡತಿ ಬಂದರು. ತನ್ನ ಹೆಸರು ಪಟ್ಟಿಯಲ್ಲಿಲ್ಲವೇ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಈ ಹಣ ಬರುತ್ತದೆಂದು ನಂಬಿ ಮಗಳ ಕಾಲೇಜಿಗೆ ಕೈಗಡ ತಂದಿದ್ದರಂತೆ. "ಇರಲೇಬೇಕು ತಾಯಿ" ಎಂದು ಪಟ್ಟಿ ತೆರೆದೆವು. ಅವರ ಹೆಸರಿರಲಿಲ್ಲ. ಕೊನೆಯ ಸಾಲಿಗೆ ಹೋದರೆ, ಯಾರದೋ ಹೆಸರು ಅರ್ಧಕ್ಕೇ ತುಂಡಾಗಿ ನಿಂತಿತ್ತು. ಅದರ ಮುಂದಿನವರು ಒಬ್ಬರೂ ಇರಲಿಲ್ಲ.

ಆಗಿದ್ದು ಇಷ್ಟು. ಸಾಹೇಬರ ಪಾಲಿನ ಪ್ರೋಗ್ರಾಂ ತನ್ನ ಇಪ್ಪತ್ತು ಸಾಲು ಸಿಕ್ಕೊಡನೆ, ಊಟವಾದವನು ಎಲೆ ಬಿಟ್ಟು ಎದ್ದಂತೆ, ಎದ್ದು ಹೋಯಿತು. ಓದುವವರೇ ಇಲ್ಲದ ಪೈಪಿಗೆ ಬರೆಯಹೊರಟವನಿಗೆ ವ್ಯವಸ್ಥೆಯು 'ಸಿಗ್‌ಪೈಪ್' ಎಂಬ ಸಂಕೇತ ಕಳಿಸುತ್ತದೆ. ಬೇರೆ ಹೇಳಿರದಿದ್ದರೆ ಆ ಸಂಕೇತಕ್ಕೆ ಸಾಯುವುದೇ ಕ್ರಮ. ಟೀ ಸತ್ತಿತು, ಸದ್ದಿಲ್ಲದೆ ಸತ್ತಿತು. ಉಳಿದವರಿಗೆ ಅಲ್ಲಿಯವರೆಗೆ ಬಂದದ್ದಷ್ಟೇ ಗತಿ. ಸಣ್ಣ ಪಟ್ಟಿಯಲ್ಲಿ ಇದು ಕಾಣಲಿಲ್ಲ. ಲಿನಕ್ಸಿನ ಒಂದು ಪೈಪು ಸಾಮಾನ್ಯವಾಗಿ 65,536 ಬೈಟು ಹಿಡಿಯುತ್ತದೆ, ಐವತ್ತು ಸಾಲು ಒಂದೇ ಗುಟುಕಿಗೆ ಅದರೊಳಗಿಳಿದು, ಯಾರೂ ಏಳುವ ಮೊದಲೇ ಟೀ ಕೆಲಸ ಮುಗಿಸಿತ್ತು.

ಕಾರ್ಬನ್ನಿನ ಕಾಲದಲ್ಲಿ ಯಾರಾದರೂ ಒಂದು ಹಾಳೆಯನ್ನು ಎಳೆದುಕೊಂಡಿದ್ದರೆ ಉಳಿದೆರಡರಲ್ಲಿ ಅಕ್ಷರ ಮೂಡುವುದು ನಿಲ್ಲುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಒಬ್ಬ ಎದ್ದರೆ ಪಂಕ್ತಿಯೇ ಮುಗಿಯಿತು. ಒಬ್ಬ ನಿಧಾನವಾಗಿ ಉಂಡರೆ, ಅವನ ಪೈಪು ತುಂಬಿದ ಮೇಲೆ, ಎಲ್ಲರೂ ಕಾಯಬೇಕು.

ಆದರೆ ದೋಷ ಟೀಯದ್ದೆಂದು ಕೈ ತೊಳೆದುಕೊಳ್ಳುವಂತಿಲ್ಲ. ಒಬ್ಬರು ಎದ್ದು ಹೋದರೂ ಉಳಿದವರಿಗೆ ಬಡಿಸುತ್ತಿರು ಎಂದು ಹೇಳುವ 'ಪಿ' ಎಂಬ ಸೂಚನೆ 2015ರಿಂದ ಗ್ನೂ ಟೀಯಲ್ಲಿದೆ, ನಾವು ಓದಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಮೊತ್ತವೂ ಪಟ್ಟಿಯೂ ಹೊಂದಿದ್ದನ್ನು ಸಾಕ್ಷಿಯೆಂದು ನಂಬಿದ್ದು. ಎರಡೂ ಒಂದೇ ಬಾಯಿಂದ ಕೇಳಿದವು, ಒಂದೇ ಕಡೆ ತುಂಡಾದವು. ಹೊಂದದೆ ಏನು ಮಾಡಿಯಾವು? ನಾವು ಎಣಿಸಬೇಕಾಗಿದ್ದದ್ದು ಮೂಲದ ದಾಖಲೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು.

ಸಾಹೇಬರ ಮುಂದೆ ತಪ್ಪೊಪ್ಪಿಕೊಂಡೆವು. ಬಿಟ್ಟುಹೋದವರಿಗೆಲ್ಲ ಪೂರಕ ಪಟ್ಟಿ ಹೋಯಿತು, ಹಣ ಒಂದು ತಿಂಗಳು ತಡವಾಗಿ ಬಂತು. ಆ ತಾಯಿಗೆ, ತಪ್ಪು ಯಂತ್ರದ್ದಲ್ಲ ನಮ್ಮದು ಎಂದೆವು. ಅವರು ಅದಕ್ಕೇನೂ ಹೇಳಲಿಲ್ಲ. ಹೊಸ ಪಟ್ಟಿಯನ್ನು ತೋರಿಸಿ ಎಂದರು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಮೊತ್ತದವರೆಗೆ ಎಳೆದರು, ಛತ್ರಿ ಎತ್ತಿಕೊಂಡು ಹೊರಟರು.

ಈಗ ಪ್ರತಿ ತಿಂಗಳೂ ಮೂಲದ ಎಣಿಕೆಯನ್ನು ಪೆನ್ಸಿಲಿನಲ್ಲಿ ರಿಜಿಸ್ಟರಿನ ಅಂಚಿಗೆ ಬರೆದಿಡುತ್ತೇವೆ. ಪಟ್ಟಿ ಬಂದೊಡನೆ ಸಾಹೇಬರ ಇಪ್ಪತ್ತು ಸಾಲು ಆಮೇಲೆ. ಮೊದಲು ನೋಡುವುದು ಕೊನೆಯ ಸಾಲನ್ನು.